ಅಮ್ಮನಿಗೆ ಮೈಲೋಮಾ (ಮೂಳೆಮಜ್ಜೆಯ ರಕ್ತ ಕ್ಯಾನ್ಸರ್), ಬೆನ್ನಿನ ಎರಡು ಮೂಳೆ ಕುಸಿದಿವೆ. ಸಿಮೆಂಟ್ ಮೊದಲೋ, ಕಿಮೋ ಮೊದಲೋ?

ರೇಷ್ಮೆಗೂಡು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ಅಮ್ಮನಿಗೆ 58 ವರ್ಷ. ಯುಗಾದಿ ಆದ ಮರುವಾರ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದಿತ್ತು. ಆಗ ಸೊಪ್ಪು ಎಷ್ಟು ಹಾಕಿದರೂ ಸಾಲದು, ಗೊತ್ತಲ್ವಾ. ಹೊರೆ ಎತ್ತುವಾಗ ಬೆನ್ನಿನಲ್ಲಿ ಕಟಕ್ ಅಂದಿತು ಎಂದರು. ಉಳುಕಿರಬೇಕು ಎಂದುಕೊಂಡೆವು. ಊರಲ್ಲೇ ನೋವಿನ ಇಂಜೆಕ್ಷನ್ ಹಾಕಿಸಿದೆವು, ಎಣ್ಣೆ ತಿಕ್ಕಿದೆವು. ಎರಡೂವರೆ ತಿಂಗಳು ಹೀಗೇ ಹೋಯಿತು.

ಒಂದು ದಿನ ಅಮ್ಮನ ಸೀರೆ ಕಣ್ಣಿಗೆ ಬಿತ್ತು. ಯಾವಾಗಲೂ ಉಡುವ ಹಾಗೆಯೇ ಉಟ್ಟಿದ್ದರು, ಆದರೆ ನೆರಿಗೆ ನೆಲದ ಮೇಲೆ ಎಳೆಯುತ್ತಿತ್ತು. ಅಮ್ಮ ಕುಳ್ಳಗಾಗಿದ್ದರು. ಜೊತೆಗೆ ಸುಸ್ತು, ವಿಪರೀತ ಬಾಯಾರಿಕೆ, ಮಲಬದ್ಧತೆ. ರಕ್ತ ನೋಡಿಸಿದರೆ ಹಿಮೋಗ್ಲೋಬಿನ್ 7.8, ಇಎಸ್‌ಆರ್ (ದೇಹದೊಳಗಿನ ಉರಿಯೂತದ ಸೂಚನೆ ಕೊಡುವ ಪರೀಕ್ಷೆ) 120. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಮೂಳೆಮಜ್ಜೆ ಪರೀಕ್ಷೆ ಮಾಡಿ ಮಲ್ಟಿಪಲ್ ಮೈಲೋಮಾ ಎಂದರು. ಎಂಆರ್‌ಐನಲ್ಲಿ ಬೆನ್ನುಮೂಳೆಯ ಡಿ 12 (ಎದೆ ಭಾಗದ ಕೊನೆಯ ಮೂಳೆ) ಮತ್ತು ಎಲ್ 1 (ಸೊಂಟ ಭಾಗದ ಮೊದಲ ಮೂಳೆ) ಕುಸಿದಿವೆ, ಡಿ 7ರಲ್ಲಿ ಹಳೆಯ ಕುಸಿತವೂ ಇದೆ ಎಂದು ಬರೆದಿದ್ದಾರೆ.

ಈಗ ರಕ್ತದ ಡಾಕ್ಟರು ಮೊದಲು ಕಿಮೋ ಶುರು ಮಾಡೋಣ ಎನ್ನುತ್ತಾರೆ. ಬೆನ್ನುಮೂಳೆ ಡಾಕ್ಟರು ಬಲೂನ್ ಹಾಕಿ ಸಿಮೆಂಟ್ ತುಂಬಬಹುದು, ಕೈಫೋಪ್ಲಾಸ್ಟಿ ಎನ್ನುತ್ತಾರೆ. ದೊಡ್ಡಪ್ಪ ಪುತ್ತೂರು ಕಟ್ಟಿಗೆ (ಆಂಧ್ರದ ಪುತ್ತೂರಿನಲ್ಲಿ ಮುರಿದ ಮೂಳೆಗೆ ಕಟ್ಟುವ ನಾಟಿ ಕಟ್ಟು) ಕರೆದುಕೊಂಡು ಹೋಗೋಣ ಎಂದು ಕಾರು ಗೊತ್ತು ಮಾಡಿದ್ದಾರೆ. ಅಮ್ಮನಿಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಲೂ ಆಗುತ್ತಿಲ್ಲ. ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ.

ಮುಳಬಾಗಿಲು ದೋಸೆ

ಕಾರು ಬೇಡ ಎನ್ನಿ. ಕಟ್ಟು, ಮಾಲಿಶು, ಎಳೆಯುವುದು ಯಾವುದೂ ಬೇಡ. ದಯವಿಟ್ಟು.

ಅವರೆಕಾಯಿ ಸೊಗಡು

ಹಾಗೆ ಒಂದೇ ಮಾತಿಗೆ ತಳ್ಳಿಹಾಕಬೇಡಿ. ನನ್ನ ಮಗ ಮರದಿಂದ ಬಿದ್ದು ಮುಂಗೈ ಮುರಿದಾಗ ಪುತ್ತೂರಿನಲ್ಲೇ ಕಟ್ಟಿಸಿದ್ದು. ಇವತ್ತು ಅದೇ ಕೈಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಕೋಲಾರದ ಕಡೆಯ ಅರ್ಧ ಜನ ಅಲ್ಲಿಗೇ ಹೋಗುವುದು.

ಫಿಸಿಯೋ ಅಕ್ಕ

@ಅವರೆಕಾಯಿ ಸೊಗಡು, ನಿಮ್ಮ ಮಗನ ಕೈ ಸರಿಹೋಯಿತು, ಸಂತೋಷ. ಆದರೆ ಅದು ಗಟ್ಟಿ ಮೂಳೆ, ಬಿದ್ದ ಏಟಿಗೆ ಮುರಿಯಿತು. ಇಲ್ಲಿ ಹಾಗಲ್ಲ. ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಕಣ ಇರುತ್ತದೆ, ಹೊಸದನ್ನು ಕಟ್ಟುವ ಕಣವೂ ಇರುತ್ತದೆ. ಎರಡೂ ಜೊತೆಜೊತೆಗೆ ಕೆಲಸ ಮಾಡಬೇಕು. ಮೈಲೋಮಾ ಕಣಗಳು ಕರಗಿಸುವವನನ್ನು ಕೆರಳಿಸುತ್ತವೆ, ಕಟ್ಟುವವನ ಕೈ ಕಟ್ಟಿಹಾಕುತ್ತವೆ. ಹೊರಗಿನಿಂದ ಗೋಡೆ ಇದ್ದ ಹಾಗೆ ಕಂಡರೂ ಒಳಗೆ ಗೆದ್ದಲು ತಿಂದಿರುತ್ತದೆ. ಸೊಪ್ಪಿನ ಹೊರೆ ಬಿಡಿ, ಜೋರಾಗಿ ಕೆಮ್ಮಿದರೂ ಕುಸಿಯಬಹುದು. ಅಂಥ ಬೆನ್ನನ್ನು ಯಾರಾದರೂ ಒತ್ತಿ ತಿರುಗಿಸಿದರೆ ಮೂಳೆಯ ಚೂರು ಹಿಂದಕ್ಕೆ ಸರಿದು ಬೆನ್ನುಹುರಿಗೆ ತಾಗಬಹುದು.

@ರೇಷ್ಮೆಗೂಡು, ಆ ಬಾಯಾರಿಕೆ ಮತ್ತು ಮಲಬದ್ಧತೆ ಮೂಳೆ ಕರಗಿ ರಕ್ತಕ್ಕೆ ಬಂದ ಕ್ಯಾಲ್ಸಿಯಂನಿಂದ ಇರಬಹುದು. ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು) ಎಷ್ಟಿದೆ ನೋಡಿ. ಮನೆಯಲ್ಲಿ ಯಾರಾದರೂ ಮೂಳೆಗೆ ಒಳ್ಳೆಯದು ಎಂದು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಿದ್ದರೆ ಡಾಕ್ಟರಿಗೆ ಹೇಳಿ. ಕೇಳದೆ ಕೊಡಬೇಡಿ.

ಪಾವಗಡದ ಬಿಸಿಲು

ನಮ್ಮ ಕಡೆ ಇದೆಲ್ಲ ಬೋರ್‌ವೆಲ್ ನೀರಿನ ಮಹಿಮೆ. ಫ್ಲೋರೈಡ್. ಹಳ್ಳಿಯಲ್ಲಿ ನಲವತ್ತು ದಾಟಿದವರೆಲ್ಲ ಬಗ್ಗಿಯೇ ನಡೆಯುವುದು. ಅಮ್ಮನಿಗೂ ಅದೇ ಇರಬಹುದು, ಇನ್ನೊಮ್ಮೆ ಕೇಳಿ.

ಲ್ಯಾಬ್ ತಮ್ಮ

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಫ್ಲೋರೈಡ್ ತೊಂದರೆ ಇರುವುದು ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಆದರೆ ಎರಡು ಕಾಯಿಲೆಯ ಎಕ್ಸ್‌ರೇ ಒಂದಕ್ಕೊಂದು ಉಲ್ಟಾ. ಫ್ಲೋರೋಸಿಸ್‌ನಲ್ಲಿ ಮೂಳೆ ದಪ್ಪವಾಗಿ, ಬೆಳ್ಳಗೆ ಕಾಣುತ್ತದೆ, ಬೆನ್ನು ಮರದ ಹಾಗೆ ಸೆಟೆದುಕೊಳ್ಳುತ್ತದೆ. ಮೈಲೋಮಾದಲ್ಲಿ ಮೂಳೆ ತೆಳುವಾಗಿ ತೂತು ಬೀಳುತ್ತದೆ. ಅವರ ಅಮ್ಮನಿಗೆ ಮಜ್ಜೆ ಪರೀಕ್ಷೆಯೇ ಆಗಿದೆ. ಈಗ ಅನುಮಾನ ಹುಟ್ಟಿಸುವುದು ಸರಿಯಲ್ಲ.

ನಿಮ್ಮ ಮಾತಿನಿಂದ ಒಂದು ಸತ್ಯ ಕಾಣುತ್ತದೆ. ಎಲ್ಲವನ್ನೂ ನೀರಿನ ಮೇಲೆ ಹಾಕಿ ಕುಳಿತುಕೊಳ್ಳುವುದರಿಂದಲೇ ನಮ್ಮ ಕಡೆ ಇದು ತಡವಾಗಿ ಗೊತ್ತಾಗುತ್ತದೆ. ಇಲ್ಲದಿದ್ದರೆ ಬೆನ್ನಿನ ಟಿಬಿ ಎಂದುಕೊಳ್ಳುತ್ತಾರೆ, ಏಕೆಂದರೆ ಅದರಲ್ಲೂ ಇಎಸ್‌ಆರ್ ಜಾಸ್ತಿ. ಬೆನ್ನುನೋವಿನ ಜೊತೆ ರಕ್ತ ಕಡಿಮೆ ಇದ್ದು ಇಎಸ್‌ಆರ್ ನೂರು ದಾಟಿದ್ದರೆ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಎಂಬ ರಕ್ತ ಪರೀಕ್ಷೆ ಮಾಡಿಸಿ. ಇನ್ನೊಂದು ವಿಷಯ, ಮಾಮೂಲಿ ಬೋನ್ ಸ್ಕ್ಯಾನಿನಲ್ಲಿ ಮೈಲೋಮಾ ತಪ್ಪಿಹೋಗಬಹುದು. ಅದು ಹೊಸ ಮೂಳೆ ಕಟ್ಟುವ ಜಾಗವನ್ನು ತೋರಿಸುತ್ತದೆ. ಇಲ್ಲಿ ಕಟ್ಟುವ ಕೆಲಸವೇ ನಿಂತಿರುತ್ತದಲ್ಲ.

ಪಾವಗಡದ ಬಿಸಿಲು

ಸರಿ, ಒಪ್ಪಿದೆ. ಟಿಬಿ ಮಾತು ನಿಜ. ನಮ್ಮ ಅತ್ತೆಯವರಿಗೆ ನಾಲ್ಕು ತಿಂಗಳು ಟಿಬಿ ಮಾತ್ರೆ ನುಂಗಿಸಿದ ಮೇಲೆ ಇದು ಎಂದು ಗೊತ್ತಾಯಿತು.

ಚಾಂಪಿಯನ್ ರೀಫ್ ಹುಡುಗ

ರೇಷ್ಮೆಗೂಡು ಅವರೇ, ನಮ್ಮ ಅಪ್ಪನ ಕಥೆ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯಿಂದ ರೈಲು ಹಿಡಿದು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ ಮಾಡಿದರು. 67ನೇ ವಯಸ್ಸಿನಲ್ಲಿ ಎಲ್ 2 ಕುಸಿಯಿತು. ಆಗ ಮೈಲೋಮಾ ಗೊತ್ತಾಯಿತು. ಕಿಮೋ ಶುರುವಾಯಿತು, ಆದರೆ ನೋವು ಇಳಿಯಲಿಲ್ಲ. ಎದ್ದು ಕೂರಿಸಿದರೆ ಕಣ್ಣಲ್ಲಿ ನೀರು. ಐದನೇ ವಾರ ಬಲೂನ್ ಸಿಮೆಂಟ್ ಮಾಡಿಸಿದೆವು.

ಅಪ್ಪನನ್ನು ಬೋರಲು ಮಲಗಿಸಿ, ಬೆನ್ನಿನ ಎರಡೂ ಬದಿಯಿಂದ ಸೂಜಿಯಂಥ ಕೊಳವೆ ತೂರಿಸಿ, ಕುಸಿದ ಮೂಳೆಯೊಳಗೆ ಸಣ್ಣ ಬಲೂನ್ ಉಬ್ಬಿಸಿದರು. ಅಲ್ಲಿ ಪೊಳ್ಳು ಜಾಗ ಆಗುತ್ತದೆ. ಬಲೂನ್ ತೆಗೆದು ಅದರೊಳಗೆ ಸಿಮೆಂಟ್ ತುಂಬುತ್ತಾರೆ. ನಾವು ಮನೆ ಕಟ್ಟುವ ಸಿಮೆಂಟ್ ಅಲ್ಲ, ಪಿಎಂಎಂಎ ಎನ್ನುತ್ತಾರೆ, ಮಂಡಿ ಮತ್ತು ಸೊಂಟದ ಕೀಲು ಬದಲಿಸುವಾಗ ಬಳಸುವಂಥದ್ದೇ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಅದೇ ಕೊಳವೆಯಿಂದ ಒಂದು ಚೂರು ಮೂಳೆಯನ್ನೂ ಪರೀಕ್ಷೆಗೆ ತೆಗೆದುಕೊಂಡರು. ಮಾರನೇ ದಿನ ಅಪ್ಪ ಗೋಡೆ ಹಿಡಿದು ಬಚ್ಚಲಿಗೆ ಹೋದರು. ಅಮ್ಮ ಹಿಂದೆ ನಿಂತು ಬಾಯಿಗೆ ಸೆರಗು ಒತ್ತಿಕೊಂಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ತಪ್ಪು ಮಾಡಿದ್ದು ಆಮೇಲೆ. ನೋವು ಹೋಯಿತು, ಕಾಯಿಲೆಯೂ ಹೋದ ಹಾಗೆ ಅನ್ನಿಸಿತು. ತಿಂಗಳಿಗೊಮ್ಮೆ ಹಾಕಿಸಬೇಕಿದ್ದ ಮೂಳೆಯ ಇಂಜೆಕ್ಷನ್ ಎರಡು ಸಲ ತಪ್ಪಿಸಿದೆವು, ಕಿಮೋ ಕೂಡ ನಿಂತಿತು. ನಾಲ್ಕು ತಿಂಗಳಿಗೆ ಮೇಲಿನ ಎಲ್ 1 ಕುಸಿಯಿತು. ಸಿಮೆಂಟ್ ಹಾಕಿದ ಮೂಳೆಯನ್ನಷ್ಟೇ ಸಿಮೆಂಟ್ ಹಿಡಿಯುತ್ತದೆ. ಉಳಿದದ್ದನ್ನು ತಿನ್ನುತ್ತಿರುವುದು ಕಾಯಿಲೆ. ಅದನ್ನು ನಿಲ್ಲಿಸುವುದು ಔಷಧಿ. ಆದ್ದರಿಂದ 'ಇದೋ ಅದೋ' ಎಂಬ ಪ್ರಶ್ನೆಯೇ ಬೇಡ. ಇಬ್ಬರು ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡಿದ್ದಾರಾ? ಮೊದಲು ಅದನ್ನು ಕೇಳಿ.

ರೇಷ್ಮೆಗೂಡು

ಮಾತಾಡಿಲ್ಲ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆ ಚೀಟಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಸ್ಸಿನಲ್ಲಿ ಕೂತಾಗ ನನಗೇ ತಲೆ ಕೆಟ್ಟಿತ್ತು.

ಲೆಕ್ಕದ ಮೇಷ್ಟ್ರು

ಸಿಮೆಂಟ್ ಬಗ್ಗೆ ಸ್ವಲ್ಪ ಎಚ್ಚರ ಇರಲಿ. 2009ರಲ್ಲಿ ಎರಡು ದೊಡ್ಡ ಅಧ್ಯಯನ ಬಂದವು. ಕೆಲವರಿಗೆ ನಿಜವಾದ ಸಿಮೆಂಟ್, ಕೆಲವರಿಗೆ ಸುಮ್ನೆ ಸೂಜಿ ಚುಚ್ಚಿದ ನಾಟಕ. ಎರಡೂ ಗುಂಪಿನಲ್ಲಿ ನೋವು ಒಂದೇ ಥರ ಇಳಿಯಿತು. ಇದು ಹಣ ಕೀಳುವ ದಾರಿ ಎಂದೇ ನನ್ನ ಅಭಿಪ್ರಾಯ.

ಫಿಸಿಯೋ ಅಕ್ಕ

ಮೇಷ್ಟ್ರೇ, ಅರ್ಧ ಸರಿ. ಆ ಎರಡೂ ಅಧ್ಯಯನ ಮಾಡಿದ್ದು ವಯಸ್ಸಾಗಿ ಮೂಳೆ ಸವೆದವರ ಮೇಲೆ, ಅಂದರೆ ಆಸ್ಟಿಯೋಪೊರೋಸಿಸ್. ಅದು ಬಲೂನ್ ಇಲ್ಲದ ವರ್ಟಿಬ್ರೋಪ್ಲಾಸ್ಟಿ. ಕ್ಯಾನ್ಸರ್ ಇರುವವರ ಮೇಲೆ ಬೇರೆ ಅಧ್ಯಯನ ಇದೆ, 2011ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂದದ್ದು. 134 ಜನ, ಅವರಲ್ಲಿ ಮೈಲೋಮಾದವರೂ ಇದ್ದರು. ಬೆನ್ನಿನಿಂದ ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಎಂದು 24 ಅಂಕದ ಪಟ್ಟಿಯಲ್ಲಿ ಅಳೆದರು. ಬಲೂನ್ ಮಾಡಿಸಿಕೊಂಡವರದು ಒಂದು ತಿಂಗಳಲ್ಲಿ 17.6ರಿಂದ 9.1ಕ್ಕೆ ಇಳಿಯಿತು. ಮಾಡಿಸಿಕೊಳ್ಳದವರದು 18.2 ಇದ್ದದ್ದು 18.0.

ಲೆಕ್ಕದ ಮೇಷ್ಟ್ರು

ಆದರೆ ಅದರಲ್ಲಿ ನಾಟಕದ ಗುಂಪು ಇರಲಿಲ್ಲ ಅಲ್ವಾ? ಯಾರಿಗೆ ಏನು ಮಾಡಿದರು ಎಂದು ಎಲ್ಲರಿಗೂ ಗೊತ್ತಿತ್ತು.

ಫಿಸಿಯೋ ಅಕ್ಕ

ಇರಲಿಲ್ಲ. ಆ ಕೊರತೆ ನಿಜ, ಒಪ್ಪುತ್ತೇನೆ. ಆದರೂ 18.2ರಿಂದ 18.0 ನೋಡಿ. ಬಲೂನ್ ಇಲ್ಲದೆ ಬೇರೆ ಚಿಕಿತ್ಸೆಯಲ್ಲಿದ್ದವರಿಗೆ ಒಂದು ತಿಂಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಮೈಲೋಮಾ ನೋಡುವ ತಜ್ಞರು, ನೋವು ತಡೆಯಲಾಗದವರಿಗೆ ಬಲೂನ್ ಸಿಮೆಂಟ್ ಯೋಚಿಸಿ ಎಂದೇ ಸಲಹೆ ಕೊಟ್ಟಿದ್ದಾರೆ. ಎಲ್ಲರಿಗೂ ಅಲ್ಲ. ಸಿಮೆಂಟ್ ಪಕ್ಕಕ್ಕೆ ಸೋರಬಹುದು, ಅಪರೂಪಕ್ಕೆ ರಕ್ತದಲ್ಲಿ ಸೇರಿ ಶ್ವಾಸಕೋಶಕ್ಕೆ ಹೋಗಬಹುದು. ಮೂಳೆಯ ಹಿಂದಿನ ಗೋಡೆ ಒಡೆದಿದ್ದರೆ ಬಹಳ ಜಾಗ್ರತೆ ಬೇಕು. ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದರೆ ಅಥವಾ ಸೋಂಕು ಇದ್ದರೆ ಕಾಯಬೇಕು.

ರೇಷ್ಮೆಗೂಡು, ಡಿ 7 ಹಳೆಯದು ಎಂದರು ಅಲ್ವಾ. ಎಂಆರ್‌ಐನಲ್ಲಿ ಹೊಸ ಕುಸಿತದಲ್ಲಿ ನೀರು ತುಂಬಿದ ಊತ ಕಾಣುತ್ತದೆ, ಹಳೆಯದರಲ್ಲಿ ಇರುವುದಿಲ್ಲ. ಊತ ಇರುವ ಜಾಗ ಮತ್ತು ಮುಟ್ಟಿದರೆ ನೋಯುವ ಜಾಗ ಒಂದೇ ಆಗಿದ್ದರೆ ಸಿಮೆಂಟ್ ಕೆಲಸಕ್ಕೆ ಬರುವ ಸಾಧ್ಯತೆ ಜಾಸ್ತಿ. ಹಾಗೆಂದು ತಿಂಗಳುಗಟ್ಟಲೆ ತಳ್ಳಿದರೆ ಕುಸಿದದ್ದು ಹಾಗೆಯೇ ಗಟ್ಟಿಯಾಗುತ್ತದೆ, ಎತ್ತಲು ಆಗುವುದಿಲ್ಲ.

ಗೌರಿಬಿದನೂರು ಗಾಡಿ

ಮಧ್ಯ ಬಾಯಿ ಹಾಕಿದೆ, ಕ್ಷಮಿಸಿ. ನಮ್ಮ ಮಾವನಿಗೂ ಮೈಲೋಮಾ. ಬೆನ್ನುನೋವು ಹಳೆಯದು. ಇವತ್ತು ಮಧ್ಯಾಹ್ನದಿಂದ ಎರಡು ಕಾಲೂ ಭಾರ, ಜುಮ್ಮೆನ್ನುತ್ತಿವೆ, ಚಪ್ಪಲಿ ಜಾರಿದ್ದು ಗೊತ್ತಾಗುತ್ತಿಲ್ಲ. ಬೆಳಗ್ಗೆಯಿಂದ ಮೂತ್ರವೂ ಹೋಗಿಲ್ಲ. ಸೋಮವಾರ ಅಪಾಯಿಂಟ್‌ಮೆಂಟ್ ಇದೆ. ಅಲ್ಲಿಯವರೆಗೆ ಏನು ಕೊಡಬಹುದು?

ಫಿಸಿಯೋ ಅಕ್ಕ

ಸೋಮವಾರದವರೆಗೆ ಕಾಯಬೇಡಿ. ಈಗಲೇ ಹೊರಡಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು. ಮಲಗಿಸಿಯೇ ಕರೆದುಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ. ಎಂಆರ್‌ಐ ಇರುವ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ. ಬಾಗಿಲಲ್ಲೇ 'ಮೈಲೋಮಾ ಇದೆ, ಕಾಲು ಸೋತಿದೆ, ಮೂತ್ರ ನಿಂತಿದೆ' ಎಂದು ಈ ಮೂರು ಮಾತು ಹೇಳಿ. ಡೆಕ್ಸಾ (ಊತ ಇಳಿಸುವ ಸ್ಟಿರಾಯ್ಡ್), ರೇಡಿಯೇಷನ್, ಆಪರೇಷನ್, ಯಾವುದು ಬೇಕೋ ಅವರು ನೋಡುತ್ತಾರೆ. ಗಂಟೆ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಗೌರಿಬಿದನೂರು ಗಾಡಿ

ಹೊರಟೆವು.

ನಂದಿ ತಪ್ಪಲು

ದೇವರು ಕಾಪಾಡಲಿ. ನೀರಿನ ಮಾತು ಬಂದದ್ದಕ್ಕೆ ಕೇಳುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಬಿಟ್ಟಮೇಲೆ ಇಂಥ ಕಾಯಿಲೆ ಜಾಸ್ತಿ ಆಗಿದೆ ಎಂದು ನಮ್ಮೂರಿನಲ್ಲಿ ಎಲ್ಲರೂ ಹೇಳುತ್ತಾರೆ.

ಕೋಲಾರ ಕೆರೆಕಟ್ಟೆ

ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ನಮ್ಮ ಕೆರೆಗೆ ತುಂಬಿಸುವ ಯೋಜನೆಯದು, ಬಂದದ್ದು 2018ರಲ್ಲಿ. ಬತ್ತಿದ್ದ ಬಾವಿಯಲ್ಲಿ ನೀರು ಕಂಡದ್ದೂ ಆಮೇಲೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಎಂದು ನಾವೂ ಕೇಳುತ್ತಲೇ ಇದ್ದೇವೆ. ಆದರೆ ಮೈಲೋಮಾ ಅದರಿಂದಲೇ ಬಂತು ಎನ್ನಲು ಯಾವ ಆಧಾರವೂ ಇಲ್ಲ. ಈ ಕಾಯಿಲೆ ವಯಸ್ಸಾದಂತೆ ಜಾಸ್ತಿ ಬರುವಂಥದ್ದು, ಕೆರೆ ಒಣಗಿದ್ದಾಗಲೂ ಇತ್ತು.

ನಂದಿ ತಪ್ಪಲು

ಹಾಗಾದರೆ ಆ ನೀರಿನಲ್ಲಿ ಬೆಳೆದ ನಮ್ಮ ತರಕಾರಿಯನ್ನು ಯಾಕೆ ಪರೀಕ್ಷೆ ಮಾಡುತ್ತಿಲ್ಲ?

ನಿರ್ವಾಹಕ

ನೀರಿನ ಚರ್ಚೆಗೆ ಬೇರೆ ಎಳೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಅಮ್ಮನ ಬೆನ್ನಿನ ಬಗ್ಗೆ ಮಾತ್ರ.

ಮುಳಬಾಗಿಲು ದೋಸೆ

ಯಾರೂ ಹೇಳದ ಎರಡು ವಿಷಯ ಹೇಳುತ್ತೇನೆ. ಮೊದಲನೆಯದು ಊರಿನ ಆ ನೋವಿನ ಇಂಜೆಕ್ಷನ್. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು ಮೈಲೋಮಾ ಇರುವವರಿಗೆ ಬೇಡ. ಮೈಲೋಮಾ ಕಣಗಳು ರಕ್ತಕ್ಕೆ ಬಿಡುವ ಪ್ರೋಟೀನ್ ಆಗಲೇ ಕಿಡ್ನಿಗೆ ಹೊಡೆಯುತ್ತಿರುತ್ತದೆ, ಅದರ ಮೇಲೆ ಇದು. ನಮ್ಮ ಅಕ್ಕನ ಕ್ರಿಯಾಟಿನಿನ್ ಹೀಗೇ ಏರಿ ಡಯಾಲಿಸಿಸ್ ಬಾಗಿಲಿಗೆ ಹೋಗಿ ಬಂದರು. ಪ್ಯಾರಾಸಿಟಮಾಲ್, ಅದು ಸಾಲದಿದ್ದರೆ ಟ್ರಮಡಾಲ್ ಅಥವಾ ಮಾರ್ಫಿನ್ ಮಾತ್ರೆ ಡಾಕ್ಟರೇ ಬರೆಯುತ್ತಾರೆ. ಮಾರ್ಫಿನ್ ಎಂದರೆ ಕೊನೆಯ ಔಷಧಿ ಎಂದು ಹೆದರಬೇಡಿ. ನಮ್ಮ ಅಕ್ಕ ಅದನ್ನು ಎರಡು ತಿಂಗಳು ತೆಗೆದುಕೊಂಡು ನಿಲ್ಲಿಸಿದರು. ಮಲಬದ್ಧತೆಗೆ ಮಾತ್ರ ಜೊತೆಗೇ ಔಷಧಿ ಕೇಳಿ.

ಎರಡನೆಯದು ಹಲ್ಲು. ಅಮ್ಮ ಎಲೆ ಅಡಿಕೆ ಹಾಕುತ್ತಾರಾ? ಮೂಳೆ ಗಟ್ಟಿ ಮಾಡುವ ಝೋಲೆಡ್ರಾನಿಕ್ ಆಸಿಡ್ ಶುರು ಮಾಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಅಲ್ಲಾಡುವ ಹಲ್ಲು ಮೊದಲೇ ಕೀಳಿಸಿ, ಗಾಯ ಮಾಯಲಿ. ಆ ಔಷಧಿ ನಡೆಯುವಾಗ ಹಲ್ಲು ಕಿತ್ತರೆ ದವಡೆ ಮೂಳೆ ಸತ್ತು ಹೊರಗೆ ಕಾಣುವ ಅಪಾಯ ಇದೆ.

ರೇಷ್ಮೆಗೂಡು

ಅಯ್ಯೋ, ಹಾಕುತ್ತಾರೆ. ಎರಡು ದವಡೆ ಹಲ್ಲು ಅಲ್ಲಾಡುತ್ತಿವೆ. ಇದನ್ನು ಯಾರೂ ಹೇಳಿರಲಿಲ್ಲ. ಆ ಔಷಧಿ ಎಷ್ಟು ದಿನಕ್ಕೊಮ್ಮೆ?

ಚಾಂಪಿಯನ್ ರೀಫ್ ಹುಡುಗ

ನಮಗೆ ನಾಲ್ಕು ವಾರಕ್ಕೊಮ್ಮೆ, 4 ಮಿಲಿಗ್ರಾಂ, ಡ್ರಿಪ್‌ನಲ್ಲಿ. ಹದಿನೈದು ನಿಮಿಷಕ್ಕಿಂತ ಬೇಗ ಹರಿಸಬಾರದು. ಪ್ರತಿ ಸಲವೂ ಮೊದಲು ಕ್ರಿಯಾಟಿನಿನ್ ನೋಡುತ್ತಿದ್ದರು. ಮೊದಲ ಡೋಸಿನ ರಾತ್ರಿ ಜ್ವರ, ಮೈಕೈ ನೋವು ಬಂತು, ಮರುದಿನ ಇಳಿಯಿತು. ಕಿಡ್ನಿ ತೀರಾ ಸೋತವರಿಗೆ ಅದನ್ನು ಕೊಡುವುದಿಲ್ಲ. ಡೆನೋಸುಮ್ಯಾಬ್ ಎಂದು ಚರ್ಮದ ಕೆಳಗೆ ಹಾಕುವ ಬೇರೆ ಇಂಜೆಕ್ಷನ್ ಇದೆ. ಅದನ್ನು ಮಧ್ಯದಲ್ಲಿ ನೀವಾಗಿಯೇ ನಿಲ್ಲಿಸಬಾರದು, ಮೂಳೆ ಮತ್ತೆ ಬೇಗ ಸವೆದು ಕುಸಿಯಬಹುದು. ದವಡೆಯ ಅಪಾಯ ಅದರಲ್ಲೂ ಇದೆ.

ಅವರೆಕಾಯಿ ಸೊಗಡು

ಇಷ್ಟು ಓದಿದ ಮೇಲೆ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ದೊಡ್ಡಪ್ಪನಿಗೆ ನಾನೇ ಫೋನ್ ಮಾಡಿ ಹೇಳಲಾ?

ರೇಷ್ಮೆಗೂಡು

ನಿಮ್ಮ ಮಾತು ತೋರಿಸಿದೆ. 'ಕಟ್ಟಿಸಿಕೊಂಡವರೇ ಬೇಡ ಎನ್ನುತ್ತಿದ್ದಾರೆ' ಎಂದು ಕಾರು ಬೇಡ ಎಂದರು. ಬಹಳ ಉಪಕಾರ ಆಯಿತು.

ಚೇಳೂರು ಚಿಗುರು

ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಎಂದು ಯಾರಾದರೂ ಬರೆಯಿರಿ. ನಮ್ಮ ಅಜ್ಜಿಯನ್ನು ಬೆನ್ನಿಗೆ ಒಳ್ಳೆಯದೆಂದು ಚಾಪೆ ಹಾಕಿ ನೆಲದ ಮೇಲೆ ಮಲಗಿಸುತ್ತಾರೆ.

ಫಿಸಿಯೋ ಅಕ್ಕ

ನೆಲ ಬೇಡ. ನೆಲದಿಂದ ಏಳುವಾಗಲೇ ಬೆನ್ನು ಮುಂದಕ್ಕೆ ಬಾಗಿ ಪೂರ್ತಿ ಭಾರ ಬೀಳುತ್ತದೆ. ಮಂಡಿ ಎತ್ತರದ ಮಂಚ, ಕುಸಿಯದ ಗಟ್ಟಿ ಹಾಸಿಗೆ ಸಾಕು. ಏಳುವಾಗ ನೇರ ಏಳಬಾರದು. ಮಂಡಿ ಮಡಿಸಿ, ಮರದ ದಿಮ್ಮಿ ಉರುಳಿದ ಹಾಗೆ ಭುಜ ಮತ್ತು ಸೊಂಟ ಒಟ್ಟಿಗೆ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈಯಲ್ಲಿ ಒತ್ತಿ ಏಳಬೇಕು. ಮುದ್ದೆ ತಿರುವುವುದು, ಅಂಗಳ ಗುಡಿಸುವುದು, ಬಗ್ಗಿ ರಂಗೋಲಿ ಹಾಕುವುದು, ಬಿಂದಿಗೆ ಎತ್ತುವುದು ಎಲ್ಲ ನಿಲ್ಲಿಸಿ. ಹೆಂಗಸರು ಹೇಳದೆ ಮಾಡಿಬಿಡುತ್ತಾರೆ, ಕಣ್ಣಿಟ್ಟಿರಿ. ಬೆಲ್ಟ್ ಕೊಟ್ಟಿದ್ದರೆ ಕೂರುವಾಗ ಮತ್ತು ನಡೆಯುವಾಗ ಹಾಕಿ, ಮಲಗಿದಾಗ ತೆಗೆಯಿರಿ. ಪೂರ್ತಿ ಮಲಗಿಸಿಯೂ ಇಡಬೇಡಿ. ಮೂಳೆ ಇನ್ನೂ ಸವೆಯುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟು ಖಂಡಿತ ಬೇಡ, ಒಂದೊಂದು ರಸ್ತೆ ಉಬ್ಬಿಗೂ ಬೆನ್ನಿಗೆ ಏಟು.

ರೇಷ್ಮೆಗೂಡು

ನಮ್ಮದು ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ. ಅಮ್ಮ ಅದಕ್ಕೆ ಹೆದರಿ ಊಟವನ್ನೇ ಕಡಿಮೆ ಮಾಡಿದ್ದಾರೆ. ದುಡ್ಡಿನ ಚಿಂತೆಯೂ ಇದೆ.

ಲ್ಯಾಬ್ ತಮ್ಮ

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬುವರು ಕೂತಿರುತ್ತಾರೆ. ಕಿಮೋ, ರೇಡಿಯೇಷನ್, ಸಿಮೆಂಟ್ ಮೂರರ ಹೆಸರೂ ಹೇಳಿ, ಬಲೂನ್ ಕಿಟ್‌ಗೆ ಕೈಯಿಂದ ಕೊಡಬೇಕಾ ಎಂದು ಮೊದಲೇ ಕೇಳಿ. ಬಲೂನ್ ಕಿಟ್ ದುಬಾರಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಬೆಳಗ್ಗೆ ಬೇಗ ಹೋಗಿ, ಹಳೆಯ ಎಲ್ಲ ರಿಪೋರ್ಟ್ ಮತ್ತು ಎಂಆರ್‌ಐ ಸಿಡಿ ಜೊತೆಗಿರಲಿ. ಅಲ್ಲಿ ಎಲ್ಲ ವಿಭಾಗದವರೂ ಒಂದೇ ಆವರಣದಲ್ಲಿ ಇರುವುದರಿಂದ ನಿಮ್ಮ ಎರಡು ಚೀಟಿಯ ಸಮಸ್ಯೆ ಕಡಿಮೆ ಆಗುತ್ತದೆ.

ಗೌರಿಬಿದನೂರು ಗಾಡಿ

ಮಾವನಿಗೆ ಆ ರಾತ್ರಿಯೇ ಎಂಆರ್‌ಐ ಆಯಿತು. ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿತ್ತು. ಡೆಕ್ಸಾ ಕೊಟ್ಟು ಮರುದಿನ ರೇಡಿಯೇಷನ್ ಶುರು ಮಾಡಿದರು. ಇವತ್ತು ಬಲಗಾಲಿನ ಬೆರಳು ಆಡಿಸಿದರು. ಎಡಗಾಲು ಇನ್ನೂ ಇಲ್ಲ. ಫಿಸಿಯೋ ಅಕ್ಕ, ನಿಮಗೆ ಹೇಗೆ ಹೇಳಲಿ.

ಫಿಸಿಯೋ ಅಕ್ಕ

ಹೇಳುವುದೇನೂ ಬೇಡ. ಎಡಗಾಲನ್ನು ದಿನಕ್ಕೆ ನಾಲ್ಕು ಸಲ ನೀವೇ ಮೆಲ್ಲಗೆ ಮಡಿಸಿ, ಚಾಚಿ. ಹೇಗೆ ಎಂದು ವಾರ್ಡಿನ ಫಿಸಿಯೋ ಹತ್ತಿರ ಕಲಿತುಕೊಳ್ಳಿ. ಹಿಮ್ಮಡಿ ಕೆಳಗೆ ಹುಣ್ಣಾಗದ ಹಾಗೆ ನೋಡಿಕೊಳ್ಳಿ.

ರೇಷ್ಮೆಗೂಡು

ಆರು ವಾರ ಆಯಿತು, ಏನಾಯಿತು ಎಂದು ಹೇಳುತ್ತೇನೆ. ಇಬ್ಬರು ಡಾಕ್ಟರನ್ನೂ ಫೋನಿನಲ್ಲಿ ಒಬ್ಬರಿಗೊಬ್ಬರು ಮಾತಾಡಿಸಿದೆ. ಹತ್ತು ನಿಮಿಷದಲ್ಲಿ ತೀರ್ಮಾನ ಆಯಿತು. ಮೊದಲು ನೀರು ಏರಿಸಿ ಕ್ಯಾಲ್ಸಿಯಂ ಇಳಿಸಿದರು. ಅದೇ ವಾರ ಹೊಟ್ಟೆಯ ಚರ್ಮಕ್ಕೆ ಹಾಕುವ ಬಾರ್ಟೆಝೋಮಿಬ್ ಎಂಬ ಮೈಲೋಮಾ ಔಷಧಿ, ಜೊತೆಗೆ ಡೆಕ್ಸಾ ಶುರುವಾಯಿತು. ಸರ್ಪಸುತ್ತು ಬರದಂತೆ ಒಂದು ಮಾತ್ರೆ ದಿನಾ ಕೊಡುತ್ತಿದ್ದಾರೆ. ಹಲ್ಲು ಕೀಳಿಸಿದೆವು. ಮೂರು ವಾರ ನೋಡಿದರು, ನೋವು ಇಳಿಯಲಿಲ್ಲ. ಆಗ ಡಿ 12, ಎಲ್ 1 ಎರಡಕ್ಕೂ ಬಲೂನ್ ಸಿಮೆಂಟ್ ಮಾಡಿದರು. ಡಿ 7 ಮುಟ್ಟಲಿಲ್ಲ, ಅದರಲ್ಲಿ ಊತ ಇರಲಿಲ್ಲ. ದವಡೆಯ ಗಾಯ ಮಾಯ್ದ ಮೇಲೆ ಕಳೆದ ಮಂಗಳವಾರ ಝೋಲೆಡ್ರಾನಿಕ್ ಮೊದಲ ಡೋಸ್ ಆಯಿತು.

ನೋವು ಪೂರ್ತಿ ಹೋಗಿಲ್ಲ. ಆದರೆ ಮಗ್ಗುಲು ತಿರುಗುತ್ತಾರೆ, ಎದ್ದು ಕೂತು ಊಟ ಮಾಡುತ್ತಾರೆ. ಹೋದ ಎತ್ತರ ಬಂದಿಲ್ಲ, ಸೀರೆಯನ್ನು ಎರಡು ಬೆರಳು ಮೇಲೆ ಸಿಕ್ಕಿಸಿ ಉಡಿಸುತ್ತೇನೆ. ನಿನ್ನೆ ಹುಳುಮನೆ ಬಾಗಿಲಲ್ಲಿ ನಿಂತು, ಸೊಪ್ಪು ಸಣ್ಣಗೆ ಹೆಚ್ಚಿಲ್ಲ ಎಂದು ಅಪ್ಪನನ್ನು ಗದರಿದರು. ಬಚ್ಚಲಿನ ತೊಂದರೆ ಒಂದು ಉಳಿದಿದೆ. ಕಮೋಡ್ ಕುರ್ಚಿ ಇಲ್ಲಿ ಎಲ್ಲಿ ಸಿಗುತ್ತದೆ?

ಚಾಂಪಿಯನ್ ರೀಫ್ ಹುಡುಗ

ಕೊಳ್ಳಬೇಡಿ. ಅಪ್ಪನದು ಇದೆ. ಅವರು ಈಗ ಇಲ್ಲ, ಕುರ್ಚಿ ಅಟ್ಟದ ಮೇಲೆ ಸುಮ್ನೆ ಇದೆ. ಭಾನುವಾರ ಚಿಂತಾಮಣಿಗೆ ಮದುವೆಗೆ ಬರುತ್ತಿದ್ದೇನೆ, ಹಾಗೆಯೇ ಶಿಡ್ಲಘಟ್ಟಕ್ಕೂ ಬಂದು ಕೊಟ್ಟು ಹೋಗುತ್ತೇನೆ. ಒಂದು ಕಾಲಿನ ರಬ್ಬರ್ ಹೋಗಿದೆ, ಬರುವ ದಾರಿಯಲ್ಲಿ ಹಾಕಿಸುತ್ತೇನೆ. ಎಷ್ಟು ಗಂಟೆಗೆ ಬರಲಿ?

ರೇಷ್ಮೆಗೂಡು

ಊಟದ ಹೊತ್ತಿಗೆ ಬನ್ನಿ. ಮುದ್ದೆ ನಾನು ತಿರುವುತ್ತೇನೆ.